ಹೃದಯದ ಪರ್ಫ್ಯೂಷನ್ ಸ್ಕ್ಯಾನ್: ಚೀಟಿ ಕೈಗೆ ಬಂದ ದಿನದಿಂದ ವರದಿ ಓದುವವರೆಗೆ

“ಇಸಿಜಿ ಆಯಿತು, ಎಕೋ ಆಯಿತು, ಈಗ ಸ್ಟ್ರೆಸ್ ಥ್ಯಾಲಿಯಂ ಮಾಡಿಸಿಕೊಂಡು ಬನ್ನಿ ಎಂದಿದ್ದಾರೆ, ಮೈಯೊಳಗೆ ವಿಕಿರಣದ ಔಷಧಿ ಹಾಕುತ್ತಾರಂತೆ, ಮಾಡಿಸಿಕೊಳ್ಳಬಹುದೇ?” ಓದುಗರಿಂದ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಪ್ರತಿಯೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು, ಚೀಟಿ ಕೈಗೆ ಬಂದಲ್ಲಿಂದ ವರದಿ ಓದುವವರೆಗಿನ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮ ವೈದ್ಯರು ಅಥವಾ ಪರೀಕ್ಷಾ ಕೇಂದ್ರದವರು ಕೊಟ್ಟ ಸೂಚನೆ ಇದಕ್ಕಿಂತ ಭಿನ್ನವಾಗಿದ್ದರೆ ಅವರ ಮಾತನ್ನೇ ಅನುಸರಿಸಿ. ಏಕೆ ಭಿನ್ನವೆಂದು ಕೇಳಲು ಮಾತ್ರ ಸಂಕೋಚ ಬೇಡ.

ಈ ಪರೀಕ್ಷೆ ನೋಡುವುದೇನನ್ನು?

ಪರೀಕ್ಷೆಯ ಪೂರ್ಣ ಹೆಸರು ಮಯೋಕಾರ್ಡಿಯಲ್ ಪರ್ಫ್ಯೂಷನ್ ಇಮೇಜಿಂಗ್. ಮಯೋಕಾರ್ಡಿಯಂ ಎಂದರೆ ಹೃದಯದ ಸ್ನಾಯು. ಪರ್ಫ್ಯೂಷನ್ ಎಂದರೆ ಆ ಸ್ನಾಯುವಿನೊಳಕ್ಕೆ ರಕ್ತ ಹರಿದು ತಲುಪುವುದು. ಆಂಜಿಯೋಗ್ರಾಂ ರಕ್ತನಾಳದ ಒಳಗಿನ ಜಾಗ ಎಷ್ಟು ಕಿರಿದಾಗಿದೆ ಎಂಬುದನ್ನು ತೋರಿಸಿದರೆ, ಈ ಸ್ಕ್ಯಾನ್ ಆ ಕಿರಿದಾಗುವಿಕೆಯಿಂದ ಸ್ನಾಯುವಿಗೆ ನಿಜಕ್ಕೂ ರಕ್ತದ ಕೊರತೆಯಾಗುತ್ತಿದೆಯೇ ಎಂಬುದನ್ನು ತೋರಿಸುತ್ತದೆ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಆದ್ದರಿಂದಲೇ ಆಂಜಿಯೋಗ್ರಾಂ ಆದವರಿಗೂ ಕೆಲವೊಮ್ಮೆ ಈ ಪರೀಕ್ಷೆಯನ್ನು ಬರೆಯುತ್ತಾರೆ.

ಹೃದಯವನ್ನು ‘ಸ್ಟ್ರೆಸ್’ಗೆ, ಅಂದರೆ ಹೆಚ್ಚಿನ ಕೆಲಸಕ್ಕೆ, ಏಕೆ ಹಚ್ಚಬೇಕು? ಹೃದಯದ ರಕ್ತನಾಳ ಕಿರಿದಾದಾಗ ಅದರ ಮುಂದಿರುವ ಸಣ್ಣ ಕವಲುಗಳು ಹಿಗ್ಗಿ, ವಿಶ್ರಾಂತಿಯಲ್ಲಿ ಬೇಕಾಗುವಷ್ಟು ಹರಿವನ್ನು ಹೇಗೋ ಕಾಪಾಡಿಕೊಳ್ಳುತ್ತವೆ. ಹೃದ್ರೋಗ ತಜ್ಞ ಲ್ಯಾನ್ಸ್ ಗೌಲ್ಡ್ ಮತ್ತು ಸಂಗಡಿಗರು ನಾಯಿಗಳ ಮೇಲೆ ನಡೆಸಿ 1974ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡುಬಂದದ್ದು ಇದೇ: ನಾಳದ ವ್ಯಾಸ ಸುಮಾರು ಶೇ 85ರಷ್ಟು ಕಿರಿದಾಗುವವರೆಗೂ ವಿಶ್ರಾಂತಿಯ ಹರಿವು ಕುಂದುವುದಿಲ್ಲ, ಆದರೆ ಹರಿವನ್ನು ಗರಿಷ್ಠ ಮಟ್ಟಕ್ಕೆ ಏರಿಸಲು ಹೋದರೆ ಶೇ 30–45ರಷ್ಟು ಕಿರಿದಾದಾಗಲೇ ಸೋಲು ಕಾಣಿಸಿಕೊಳ್ಳತೊಡಗುತ್ತದೆ. ಸುಮ್ಮನೆ ಕುಳಿತಾಗ ಏನೂ ಆಗದೆ ಮೆಟ್ಟಿಲು ಹತ್ತುವಾಗ ಮಾತ್ರ ಎದೆ ಬಿಗಿಯುವುದರ ಕಾರಣವೂ ಇದೇ. ಆದ್ದರಿಂದ ವಿಶ್ರಾಂತಿಯ ಒಂದು ಚಿತ್ರ, ಶ್ರಮದ ಒಂದು ಚಿತ್ರ ತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಮುಂದೆ ಬರುವ ಪಥ್ಯ, ಉಪವಾಸ, ಅಲುಗಾಡಬಾರದೆಂಬ ಕಟ್ಟಳೆ ಎಲ್ಲವೂ ಈ ಹೋಲಿಕೆ ಕೆಡದಿರಲೆಂದೇ ಇವೆ.

ಚಿತ್ರಕ್ಕೆ ಬೇಕಾದ ಬೆಳಕು ಹೊರಗಿನಿಂದ ಬರುವುದಿಲ್ಲ. ಕೈಯ ರಕ್ತನಾಳಕ್ಕೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು, ಅಂದರೆ ಟ್ರೇಸರ್ ಅನ್ನು, ಚುಚ್ಚುತ್ತಾರೆ. ರಕ್ತ ಹೆಚ್ಚು ಹರಿದ ಕಡೆ ಅದು ಹೆಚ್ಚು ಸೇರುತ್ತದೆ. ಅಲ್ಲಿಂದ ಹೊರಬರುವ ಗಾಮಾ ಕಿರಣಗಳನ್ನು ಕ್ಯಾಮೆರಾ ಹಿಡಿಯುತ್ತದೆ. ಜನರ ಬಾಯಲ್ಲಿ ‘ಥ್ಯಾಲಿಯಂ ಟೆಸ್ಟ್’ ಎಂಬ ಹೆಸರು ಉಳಿದಿದ್ದರೂ ಈಗ ಬಹುಪಾಲು ಬಳಕೆಯಲ್ಲಿರುವುದು ಟೆಕ್ನೀಷಿಯಂ-99ಎಂ ಬೆರೆಸಿದ ಸೆಸ್ಟಮಿಬಿ ಅಥವಾ ಟೆಟ್ರೋಫಾಸ್ಮಿನ್. ಟೆಕ್ನೀಷಿಯಂ-99ಎಂನ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 6 ಗಂಟೆ. ಥ್ಯಾಲಿಯಂ-201ರದು ಸುಮಾರು 73 ಗಂಟೆ. ಹಳೆಯದು ಹಿಂದೆ ಸರಿಯಲು ಇದೂ ಒಂದು ಕಾರಣ.

ಹಂತ 1: ಚೀಟಿಯಲ್ಲಿ ಏನು ಬರೆದಿದೆ ನೋಡಿ

ಸ್ಪೆಕ್ಟ್ ಎಂದಿದ್ದರೆ ಗಾಮಾ ಕ್ಯಾಮೆರಾ ನಿಮ್ಮ ಎದೆಯ ಸುತ್ತ ತಿರುಗಿ ಚಿತ್ರ ತೆಗೆಯುವ ಪರೀಕ್ಷೆ. ಪೆಟ್ ಎಂದಿದ್ದರೆ ರುಬಿಡಿಯಂ-82 ಅಥವಾ ನೈಟ್ರೋಜನ್-13 ಅಮೋನಿಯಾದಂಥ ಟ್ರೇಸರ್ ಬಳಸಿ ಮಾಡುವ ಪರೀಕ್ಷೆ. ರುಬಿಡಿಯಂನ ಅರ್ಧಾಯು ಒಂದೂಕಾಲು ನಿಮಿಷ ಮಾತ್ರವಾದ್ದರಿಂದ ಪೆಟ್ ಬೇಗ ಮುಗಿಯುತ್ತದೆ, ವಿಕಿರಣವೂ ಕಡಿಮೆ; ಜೊತೆಗೆ ಪ್ರತಿ ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಹರಿಯುತ್ತಿದೆ ಎಂಬ ಲೆಕ್ಕವೂ ಸಿಗುತ್ತದೆ. ಆದರೆ ಸೌಲಭ್ಯ ಎಲ್ಲೆಡೆ ಇಲ್ಲ, ಆದ್ದರಿಂದ ಹೆಚ್ಚಿನವರಿಗೆ ಆಗುವುದು ಸ್ಪೆಕ್ಟ್. ಈ ಲೇಖನ ಮುಖ್ಯವಾಗಿ ಅದನ್ನೇ ಕುರಿತದ್ದು.

ವೈದ್ಯರನ್ನು ಮೂರು ವಿಷಯ ಕೇಳಿಕೊಳ್ಳಿ. ಶ್ರಮದ ಭಾಗಕ್ಕೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೋ ಔಷಧಿ ಕೊಡುತ್ತಾರೋ? ಒಂದೇ ದಿನದಲ್ಲಿ ಮುಗಿಯುತ್ತದೋ ಎರಡು ದಿನ ಬರಬೇಕೋ? ಈ ಪರೀಕ್ಷೆ ರೋಗ ಇದೆಯೇ ಎಂದು ತಿಳಿಯಲೋ, ಈಗಾಗಲೇ ಗೊತ್ತಿರುವ ರೋಗಕ್ಕೆ ಔಷಧಿ ಸಾಕಾಗುತ್ತಿದೆಯೇ ಎಂದು ನೋಡಲೋ? ಮೂರನೆಯದನ್ನು ಯಾರೂ ಕೇಳುವುದಿಲ್ಲ. ಮಾತ್ರೆ ನಿಲ್ಲಿಸಬೇಕೋ ಬೇಡವೋ ಎಂಬುದು ನಿಂತಿರುವುದು ಅದರ ಮೇಲೆಯೇ.

ಹಂತ 2: ಹೇಳಲೇಬೇಕಾದವನ್ನು ಮೊದಲೇ ಹೇಳಿ

ಆಸ್ತಮಾ ಅಥವಾ ಉಬ್ಬಸವಿದ್ದರೆ ಮುಂಚಿತವಾಗಿಯೇ ತಿಳಿಸಿ, ಏಕೆಂದರೆ ಶ್ರಮದ ಭಾಗಕ್ಕೆ ಕೊಡುವ ಅಡಿನೋಸಿನ್ ಮತ್ತು ಡೈಪಿರಿಡಮೋಲ್ ಎಂಬ ಔಷಧಿಗಳು ಶ್ವಾಸನಾಳವನ್ನು ಬಿಗಿಗೊಳಿಸಬಲ್ಲವು. ಪರೀಕ್ಷೆಯ ದಿನ ಎದೆಯಲ್ಲಿ ಗೊರಗೊರ ಸದ್ದಿದ್ದರೆ ಅವನ್ನು ಕೊಡುವಂತಿಲ್ಲ. ಗರ್ಭಿಣಿಯಾಗಿರಬಹುದೆಂಬ ಅನುಮಾನವಿದ್ದರೂ, ಹಾಲೂಡಿಸುತ್ತಿದ್ದರೂ ಹೇಳಿ. ಪೇಸ್‌ಮೇಕರ್ ಇದ್ದರೂ ತಿಳಿಸಿ. ಕಳೆದ ಕೆಲವು ದಿನಗಳಲ್ಲಿ ಎದೆನೋವು ಹೆಚ್ಚುತ್ತಿದ್ದರೆ ಅಥವಾ ವಿಶ್ರಾಂತಿಯಲ್ಲೂ ಬರತೊಡಗಿದ್ದರೆ ಅದನ್ನು ಕೂಡಲೇ ತಿಳಿಸಿ. ಅಂಥ ಸ್ಥಿತಿಯಲ್ಲಿ ಬೇಕಾದದ್ದು ತುರ್ತು ಚಿಕಿತ್ಸೆಯೇ ಹೊರತು ಟ್ರೆಡ್‌ಮಿಲ್ ಅಲ್ಲ.

ಹಳೆಯ ಇಸಿಜಿಯಲ್ಲಿ ‘ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್’ ಎಂದು ಬರೆದಿದ್ದರೆ ಆ ಕಾಗದವನ್ನು ಜೊತೆಗೆ ಒಯ್ಯಿರಿ. ಇಲ್ಲಿ ‘ಬ್ಲಾಕ್’ ಎಂಬ ಪದ ಅನೇಕರನ್ನು ಹೆದರಿಸುತ್ತದೆ. ಇದು ರಕ್ತನಾಳದ ಬ್ಲಾಕ್ ಅಲ್ಲ, ಹೃದಯದೊಳಗಿನ ವಿದ್ಯುತ್ ಸಂಕೇತದ ಒಂದು ದಾರಿ ಕಟ್ಟಿಕೊಂಡಿದೆ ಎಂದರ್ಥ. ಇಂಥವರು ಟ್ರೆಡ್‌ಮಿಲ್ ಮೇಲೆ ಓಡಿದರೆ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ಇಲ್ಲದ ಕೊರತೆ ಇರುವಂತೆ ಕಾಣಬಹುದು. ಆದ್ದರಿಂದ ಅವರಿಗೆ ಔಷಧಿಯ ವಿಧಾನವೇ ಸೂಕ್ತ.

ಆಂಜಿಯೋಗ್ರಾಂ ಅಥವಾ ಸಿಟಿ ಮಾಡಿಸುವಾಗ ‘ಡೈ’ನಿಂದ ಅಲರ್ಜಿಯಾದವರು, ಮೂತ್ರಪಿಂಡ ದುರ್ಬಲವಾಗಿರುವವರು ಈ ಪರೀಕ್ಷೆಗೂ ಅಂಜುತ್ತಾರೆ. ಟ್ರೇಸರ್‌ನಲ್ಲಿ ಆ ಅಯೋಡಿನ್ ಡೈ ಇರುವುದಿಲ್ಲ, ಅದರ ಪ್ರಮಾಣವೂ ಮೂತ್ರಪಿಂಡಕ್ಕೆ ಹೊರೆಯಾಗುವಂಥದ್ದಲ್ಲ.

ಹಂತ 3: ಕಾಫಿ, ಚಹಾ ಮತ್ತು ಮಾತ್ರೆಗಳು

ಪರೀಕ್ಷೆ ಮುಂದೂಡಲ್ಪಡುವ ಸಾಮಾನ್ಯ ಕಾರಣಗಳಲ್ಲಿ ಬೆಳಗಿನ ಒಂದು ಲೋಟ ಕಾಫಿಯೂ ಒಂದು. ಅಡಿನೋಸಿನ್, ರೆಗಾಡೆನೋಸನ್, ಡೈಪಿರಿಡಮೋಲ್ ಈ ಮೂರೂ ರಕ್ತನಾಳದ ಗೋಡೆಯಲ್ಲಿರುವ ಅಡಿನೋಸಿನ್ ಗ್ರಾಹಿಗಳ ಮೂಲಕವೇ ನಾಳವನ್ನು ಹಿಗ್ಗಿಸುತ್ತವೆ. ಕೆಫೀನ್ ಹೋಗಿ ಅದೇ ಗ್ರಾಹಿಗಳಲ್ಲಿ ಮೊದಲೇ ಕುಳಿತುಬಿಟ್ಟಿದ್ದರೆ ಔಷಧಿಗೆ ಜಾಗವಿಲ್ಲ, ನಾಳ ಹಿಗ್ಗುವುದಿಲ್ಲ, ಎರಡು ಚಿತ್ರಗಳೂ ಒಂದೇ ಬಗೆಯಾಗಿ ಬಂದು, ಇರುವ ರೋಗ ಇಲ್ಲವೆಂದು ವರದಿಯಾಗುವ ಸಂಭವ ಉಂಟು. ಕನಿಷ್ಠ 12 ಗಂಟೆ ಬಿಡಬೇಕೆಂಬುದು ನಿಯಮ. ಹಲವು ಕೇಂದ್ರಗಳು 24 ಗಂಟೆ ಎನ್ನುತ್ತವೆ. ಕಾಫಿ, ಚಹಾ, ಗ್ರೀನ್ ಟೀ, ಕೋಲಾ, ಎನರ್ಜಿ ಡ್ರಿಂಕ್, ಚಾಕೊಲೇಟ್ ಎಲ್ಲವೂ ಈ ಪಟ್ಟಿಗೆ ಸೇರುತ್ತವೆ. ‘ಡಿಕ್ಯಾಫ್’ ಎಂದು ಬರೆದ ಕಾಫಿಯಲ್ಲೂ ಸ್ವಲ್ಪ ಕೆಫೀನ್ ಉಳಿದಿರುತ್ತದೆ. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಬೆರೆತಿರುವುದರಿಂದ ಮಾತ್ರೆಯ ಪೊಟ್ಟಣದ ಹಿಂಬದಿಯನ್ನು ಓದಿ ನುಂಗಿ. ‘ನನಗೆ ಟ್ರೆಡ್‌ಮಿಲ್ ತಾನೇ’ ಎಂದು ಸುಮ್ಮನಾಗಬೇಡಿ. ಓಡಲಾಗದೆ ಅರ್ಧಕ್ಕೆ ನಿಂತರೆ ಅಲ್ಲೇ ಔಷಧಿಯ ವಿಧಾನಕ್ಕೆ ಬದಲಾಯಿಸಬೇಕಾಗುತ್ತದೆ. ಅಪ್ಪಿತಪ್ಪಿ ಕುಡಿದಿದ್ದರೆ ಮುಚ್ಚಿಡದೆ ಹೇಳಿ: ಮತ್ತೊಂದು ದಿನ ಬರುವ ತೊಂದರೆ, ತಪ್ಪು ವರದಿಗಿಂತ ಸಣ್ಣದು.

ಮಾತ್ರೆಗಳ ವಿಷಯ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಕೆಫೀನಿನ ಬಂಧುವೇ, ಅದನ್ನೂ ನಿಲ್ಲಿಸಬೇಕಾಗುತ್ತದೆ. ಡೈಪಿರಿಡಮೋಲ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಡಿನೋಸಿನ್ ವಿಧಾನಕ್ಕೆ ಸಾಮಾನ್ಯವಾಗಿ 48 ಗಂಟೆ ಮೊದಲೇ ಬಿಡಿಸುತ್ತಾರೆ. ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದ ಬೀಟಾ ಬ್ಲಾಕರ್‌ಗಳು ಹೃದಯದ ಬಡಿತವನ್ನು ಏರಗೊಡುವುದಿಲ್ಲವಾದ್ದರಿಂದ, ರೋಗ ಇದೆಯೇ ಎಂದು ತಿಳಿಯುವ ಟ್ರೆಡ್‌ಮಿಲ್ ಪರೀಕ್ಷೆಗೆ ಅವನ್ನು ಒಂದೆರಡು ದಿನ ನಿಲ್ಲಿಸುವುದುಂಟು. ಔಷಧಿ ಸಾಕಾಗುತ್ತಿದೆಯೇ ಎಂದು ನೋಡುವ ಪರೀಕ್ಷೆಯಾದರೆ ನಿಲ್ಲಿಸುವಂತೆಯೇ ಇಲ್ಲ. ಬೀಟಾ ಬ್ಲಾಕರ್ ಅನ್ನು ನಿಮ್ಮಷ್ಟಕ್ಕೆ ನೀವೇ ಥಟ್ಟನೆ ಬಿಟ್ಟರೆ ಎದೆನೋವು ಮರುಕಳಿಸಬಹುದು. ಆದ್ದರಿಂದ ಮಾತ್ರೆಗಳ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಪ್ರತಿಯೊಂದರ ಮುಂದೆಯೂ ‘ನಿಲ್ಲಿಸಿ’ ಅಥವಾ ‘ಮುಂದುವರಿಸಿ’ ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ.

ಹಂತ 4: ಪರೀಕ್ಷೆಯ ಬೆಳಗ್ಗೆ

ಸಾಮಾನ್ಯವಾಗಿ 3–4 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಮಧುಮೇಹಿಗಳು ಈ ಉಪವಾಸದ ಹೊತ್ತಿನಲ್ಲಿ ಎಂದಿನ ಪ್ರಮಾಣದ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡರೆ ಸಕ್ಕರೆ ಅಂಶ ಕುಸಿಯಬಹುದು, ಹಾಗಾಗಿ ಆ ದಿನದ ಪ್ರಮಾಣವನ್ನು ಮುನ್ನಾದಿನವೇ ಕೇಳಿಕೊಳ್ಳಿ. ಸಡಿಲ ಬಟ್ಟೆ, ನಡೆಯಲು ತಕ್ಕ ಶೂ, ಬಳಸುತ್ತಿದ್ದರೆ ಇನ್ಹೇಲರ್, ಹಳೆಯ ವರದಿಗಳು ಇವಿಷ್ಟು ಜೊತೆಗಿರಲಿ. ಕತ್ತಿನ ಸರವನ್ನು ಮನೆಯಲ್ಲೇ ಬಿಡಿ, ಎದೆಯ ಮೇಲಿನ ಲೋಹ ಕಿರಣಗಳಿಗೆ ಅಡ್ಡವಾಗುತ್ತದೆ. ಅರ್ಧ ದಿನ ಹಿಡಿಯುವ ಕೆಲಸವಿದು. ಅದರಲ್ಲಿ ಬಹುಪಾಲು ಕಾಯುವುದೇ.

ಹಂತ 5: ವಿಶ್ರಾಂತಿಯ ಚಿತ್ರ

ಕೈಗೆ ಒಂದು ಕ್ಯಾನುಲಾ, ಅಂದರೆ ಪದೇ ಪದೇ ಚುಚ್ಚದಿರಲೆಂದು ನಾಳದಲ್ಲೇ ಉಳಿಸುವ ಸಣ್ಣ ಕೊಳವೆ, ಹಾಕುತ್ತಾರೆ. ಅದರ ಮೂಲಕ ಟ್ರೇಸರ್‌ನ ಮೊದಲ ಕಂತು ಹೋಗುತ್ತದೆ. ಉರಿ, ಬಿಸಿ ಏನೂ ಅನಿಸುವುದಿಲ್ಲ. ನಂತರ 45 ನಿಮಿಷದಿಂದ ಒಂದು ಗಂಟೆ ಕಾಯಿಸುತ್ತಾರೆ. ಟ್ರೇಸರ್ ಹೃದಯಕ್ಕೆ ಕೂಡಲೇ ಸೇರಿದರೂ ಯಕೃತ್ತಿನಲ್ಲೂ ಸಾಕಷ್ಟು ತುಂಬಿರುತ್ತದೆ. ಅದು ಅಲ್ಲಿಂದ ಇಳಿದುಹೋಗದಿದ್ದರೆ ಪಕ್ಕದಲ್ಲೇ ಇರುವ ಹೃದಯದ ಕೆಳಗೋಡೆಯ ಚಿತ್ರವನ್ನು ಮಬ್ಬಾಗಿಸುತ್ತದೆ.

ಒಂದೇ ದಿನದ ಕ್ರಮದಲ್ಲಿ ಎರಡನೆಯ ಕಂತು ಮೊದಲಿನದರ ಸುಮಾರು ಮೂರು ಪಟ್ಟು ಇರುತ್ತದೆ. ‘ಔಷಧಿ ಹೆಚ್ಚಾಯಿತೇನೋ’ ಎಂದು ಗಾಬರಿಯಾಗಬೇಡಿ. ಮೊದಲ ಕಂತಿನ ಉಳಿಕೆಯನ್ನು ಮೀರಿ ಎರಡನೆಯ ಚಿತ್ರ ಕಾಣಬೇಕಲ್ಲ. ಕೆಲವು ಕೇಂದ್ರಗಳು ಶ್ರಮದ ಚಿತ್ರವನ್ನೇ ಮೊದಲು ತೆಗೆದು, ಅದು ಪೂರ್ತಿ ಸರಿಯಾಗಿದ್ದರೆ ವಿಶ್ರಾಂತಿಯ ಚಿತ್ರವನ್ನು ಕೈಬಿಡುತ್ತವೆ. ಸಮಯ, ವಿಕಿರಣ ಎರಡೂ ಉಳಿಯುವ ಈ ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ. ನಿಮಗೆ ಒಗ್ಗುತ್ತದೆಯೇ ಎಂದು ಕೇಳಿ ನೋಡಿ.

ಹಂತ 6: ಹೃದಯವನ್ನು ಕೆಲಸಕ್ಕೆ ಹಚ್ಚುವುದು

ಟ್ರೆಡ್‌ಮಿಲ್ ಆದರೆ ಎದೆಗೆ ಇಸಿಜಿ ತಂತಿ, ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟಿ ನಡೆಸುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಬ್ರೂಸ್ ಕ್ರಮದಲ್ಲಿ ಪ್ರತಿ 3 ನಿಮಿಷಕ್ಕೊಮ್ಮೆ ವೇಗವೂ ಏರುಮುಖವೂ ಹೆಚ್ಚುತ್ತವೆ. ಗುರಿಯ ಲೆಕ್ಕ ಹೀಗೆ: 220ರಿಂದ ನಿಮ್ಮ ವಯಸ್ಸನ್ನು ಕಳೆದು ಬಂದದ್ದರಲ್ಲಿ ಕನಿಷ್ಠ ಶೇ 85. ಅರವತ್ತು ವರ್ಷದವರಿಗೆ 160ರ ಶೇ 85, ಅಂದರೆ ನಿಮಿಷಕ್ಕೆ 136 ಬಡಿತ.

ಎಲ್ಲರೂ ಎಡವುವ ಜಾಗ ಇಲ್ಲಿದೆ. ನಿಮಗೆ ಇನ್ನು ಸಾಕಪ್ಪಾ ಎನಿಸುವ ಹೊತ್ತಿಗೆ ಎರಡನೆಯ ಕಂತನ್ನು ಚುಚ್ಚಿ, “ಇನ್ನೊಂದು ನಿಮಿಷ ನಡೆಯಿರಿ” ಎನ್ನುತ್ತಾರೆ. ಆ ನಿಮಿಷಕ್ಕಾಗಿಯೇ ಇಷ್ಟೆಲ್ಲ ಏರ್ಪಾಟು. ಟ್ರೇಸರ್ ರಕ್ತದಿಂದ ಸ್ನಾಯುವಿನ ಜೀವಕೋಶಕ್ಕೆ ಸೇರುವುದು ಆ ಹೊತ್ತಿನಲ್ಲಿ; ಒಮ್ಮೆ ಸೇರಿದ ಸೆಸ್ಟಮಿಬಿ ಅಲ್ಲಿಯೇ ನಿಲ್ಲುತ್ತದೆ. ನೀವು ಇಳಿದು, ಬೆವರು ಒರೆಸಿಕೊಂಡು, ಅರ್ಧ ಗಂಟೆ ಬಿಟ್ಟು ಕ್ಯಾಮೆರಾ ಕೆಳಗೆ ಮಲಗಿದಾಗಲೂ ಅದು ತೋರಿಸುವುದು ನೀವು ಏದುಸಿರು ಬಿಡುತ್ತಿದ್ದ ಆ ಗಳಿಗೆಯ ಹರಿವನ್ನು. ಆದ್ದರಿಂದ ‘ಇನ್ನಾಗದು’ ಎಂದು ಪೂರ್ತಿ ಕುಸಿಯುವ ಮೊದಲೇ, ‘ಇನ್ನೊಂದೆರಡು ನಿಮಿಷ ಮಾತ್ರ ಆಗುತ್ತದೆ’ ಎಂದು ಬಾಯಿಬಿಟ್ಟು ಹೇಳಿ. ಎದೆನೋವು, ತಲೆಸುತ್ತು ಬಂದರೆ ಮಾತ್ರ ಆ ಕ್ಷಣವೇ ಹೇಳಿ; ಅದನ್ನು ಸಹಿಸಿಕೊಂಡು ನಡೆಯುವುದು ಶೌರ್ಯವಲ್ಲ.

ಮಂಡಿನೋವು, ಪಾರ್ಶ್ವವಾಯು ಮುಂತಾದ ಕಾರಣಗಳಿಂದ ನಡೆಯಲಾಗದವರಿಗೆ ಔಷಧಿ. ಅಡಿನೋಸಿನ್ ಅನ್ನು ಸಾಮಾನ್ಯವಾಗಿ 4ರಿಂದ 6 ನಿಮಿಷ ಹನಿಸುತ್ತಾರೆ, ರೆಗಾಡೆನೋಸನ್ 0.4 ಮಿಲಿಗ್ರಾಂನ ಒಂದೇ ಚುಚ್ಚುಮದ್ದು. ಮುಖ ಬಿಸಿಯಾಗುವುದು, ಎದೆ ಒತ್ತಿದಂತಾಗುವುದು, ಉಸಿರು ಸಾಲದಂತಾಗುವುದು, ತಲೆನೋವು ಇವು ಬಂದೇ ಬರುತ್ತವೆ ಎಂದು ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ಔಷಧಿಯಿಂದ ಬಂದ ಎದೆಯೊತ್ತಡವೊಂದೇ ರಕ್ತನಾಳದ ರೋಗಕ್ಕೆ ಸಾಕ್ಷಿಯಲ್ಲ. ನಾಳಗಳು ನಿರ್ಮಲವಾಗಿರುವವರಿಗೂ ಅದು ಬರುತ್ತದೆ. ಅಡಿನೋಸಿನ್‌ನ ಅರ್ಧಾಯು ರಕ್ತದಲ್ಲಿ 10 ಸೆಕೆಂಡಿಗೂ ಕಡಿಮೆ, ಹನಿ ನಿಲ್ಲಿಸಿದೊಡನೆ ಇಳಿಯುತ್ತದೆ. ಬೇಕಾದರೆ ಅಮಿನೋಫಿಲಿನ್ ಕೊಟ್ಟು ಪರಿಣಾಮವನ್ನು ಅಡಗಿಸುತ್ತಾರೆ. ಇವು ಒಗ್ಗದ ಉಬ್ಬಸದವರಿಗೆ ಡೋಬ್ಯುಟಮಿನ್ ಎಂಬ ಮತ್ತೊಂದು ದಾರಿಯಿದೆ. ಅದು ಬಡಿತವನ್ನೇ ಏರಿಸುತ್ತದೆ.

ಹಂತ 7: ಕ್ಯಾಮೆರಾ ಕೆಳಗೆ

ತೋಳುಗಳನ್ನು ತಲೆಯ ಮೇಲಕ್ಕೆತ್ತಿ 10ರಿಂದ 20 ನಿಮಿಷ ಮಲಗಬೇಕು. ಅಲುಗಾಡಿದರೆ ಇಲ್ಲದ ಕೊರತೆ ಮೂಡುತ್ತದೆ, ಇದ್ದದ್ದು ಮರೆಯಾಗುತ್ತದೆ. ಭುಜದ ನೋವಿದ್ದರೆ ಮಲಗುವ ಮೊದಲೇ ಹೇಳಿ, ದಿಂಬಿಟ್ಟು ಕೊಡುತ್ತಾರೆ. ನಿದ್ದೆ ಹೋಗಬೇಡಿ, ಬೆಚ್ಚಿಬಿದ್ದರೆ ಅಷ್ಟೂ ಹೊತ್ತಿನ ಕೆಲಸ ಹಾಳು. ಕೆಲವೊಮ್ಮೆ ಬೋರಲಾಗಿ ಮಲಗಿಸಿ ಮತ್ತೊಂದು ಚಿತ್ರ ತೆಗೆಯುತ್ತಾರೆ. ಏನೋ ಕೆಟ್ಟದ್ದು ಕಂಡಿತೆಂದು ತಿಳಿಯಬೇಡಿ: ಅಂಗಾತ ಮಲಗಿದಾಗ ಎದೆ–ಹೊಟ್ಟೆಗಳ ನಡುವಿನ ವಪೆ ಹೃದಯದ ಕೆಳಗೋಡೆಯಿಂದ ಬರುವ ಕಿರಣಗಳನ್ನು ಹೀರಿ ನೆರಳು ಮೂಡಿಸುತ್ತದೆ, ಬೋರಲಾದಾಗ ಆ ನೆರಳು ಸರಿಯುತ್ತದೆ. ಸ್ತ್ರೀಯರಲ್ಲಿ ಸ್ತನದ ನೆರಳು ಹೀಗೆಯೇ ಮುಂಗೋಡೆಯ ಮೇಲೆ ಬೀಳುತ್ತದೆ.

ಹಂತ 8: ಮನೆಗೆ ಮರಳಿದ ಮೇಲೆ

ಎರಡೂ ಚಿತ್ರ ಸೇರಿದ ಟೆಕ್ನೀಷಿಯಂ ಪರೀಕ್ಷೆಯ ವಿಕಿರಣ ಸುಮಾರು 10 ಮಿಲಿಸೀವರ್ಟ್ ಆಸುಪಾಸಿನದು. ಮಿಲಿಸೀವರ್ಟ್ ಎಂದರೆ ದೇಹಕ್ಕೆ ತಗಲಿದ ವಿಕಿರಣವನ್ನು ಅಳೆಯುವ ಮಾನ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ತಗಲುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅಗತ್ಯವಿದ್ದು ಮಾಡಿಸಿದರೆ ಹೆದರುವಷ್ಟಲ್ಲ; ಯಾವ ತೊಂದರೆಯೂ ಇಲ್ಲದವರು ‘ಒಮ್ಮೆ ನೋಡಿಬಿಡೋಣ’ ಎಂದು ವರ್ಷ ವರ್ಷ ಮಾಡಿಸಿಕೊಳ್ಳುವಷ್ಟು ಅಲ್ಪವೂ ಅಲ್ಲ. ಆ ದಿನ ಚೆನ್ನಾಗಿ ನೀರು ಕುಡಿದು ಮೂತ್ರಕ್ಕೆ ಹೋಗುತ್ತಿರಿ, ಎಳೆಯ ಮಕ್ಕಳನ್ನು ಬಹಳ ಹೊತ್ತು ಎತ್ತಿಕೊಂಡು ಕೂರಬೇಡಿ. ಸದ್ಯದಲ್ಲೇ ವಿಮಾನ ಪ್ರಯಾಣವಿದ್ದರೆ ಕೇಂದ್ರದಿಂದ ಒಂದು ಪತ್ರ ಪಡೆಯಿರಿ. ವಿಶೇಷವಾಗಿ ಥ್ಯಾಲಿಯಂ ಪಡೆದವರ ಮೈಯಿಂದ ವಾರಗಳ ನಂತರವೂ ವಿಕಿರಣ ಪತ್ತೆಯ ಯಂತ್ರಗಳು ಕೂಗಿಕೊಳ್ಳುವುದುಂಟು.

ಹಂತ 9: ವರದಿಯನ್ನು ಓದುವುದು

ವರದಿಯ ಜೊತೆ ಬಣ್ಣದ ಹಾಳೆ ಇರುತ್ತದೆ. ಸಾಮಾನ್ಯವಾಗಿ ಮೇಲಿನ ಸಾಲು ಶ್ರಮದ್ದು, ಕೆಳಗಿನದು ವಿಶ್ರಾಂತಿಯದು. ಎಡ ಹೃತ್ಕುಕ್ಷಿಯನ್ನು ಅಡ್ಡಕ್ಕೆ ಕೊಯ್ದ ಹೋಳುಗಳು ಬಳೆಯಂತೆ, ಉದ್ದಕ್ಕೆ ಕೊಯ್ದವು ಕುದುರೆ ಲಾಳದಂತೆ ಕಾಣುತ್ತವೆ. ಕೆಂಪು ಕಂಡರೆ ಕೇಡು ಎಂದು ಬಹಳ ಮಂದಿ ಎದೆ ಒಡೆದುಕೊಳ್ಳುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು. ಸಾಮಾನ್ಯವಾಗಿ ಬಳಸುವ ಬಣ್ಣಗಳಲ್ಲಿ ಕೆಂಪು, ಹಳದಿ, ಬಿಳಿ ಎಂದರೆ ರಕ್ತ ಚೆನ್ನಾಗಿ ತಲುಪಿದ ಜಾಗ. ನೀಲಿ, ಕಪ್ಪು ಎಂದರೆ ಕಡಿಮೆ.

ಮೇಲಿನ ಸಾಲಿನ ಬಳೆಯಲ್ಲಿ ಒಂದು ಕಡೆ ಕಚ್ಚಿದಂತೆ ಮಂಕಾಗಿದ್ದು, ಅದೇ ಜಾಗ ಕೆಳಗಿನ ಸಾಲಿನಲ್ಲಿ ತುಂಬಿಕೊಂಡಿದ್ದರೆ ಅದು ‘ರಿವರ್ಸಿಬಲ್ ಡಿಫೆಕ್ಟ್’: ಸ್ನಾಯು ಬದುಕಿದೆ, ಶ್ರಮದಲ್ಲಿ ಮಾತ್ರ ರಕ್ತ ಸಾಲುತ್ತಿಲ್ಲ. ಇದನ್ನೇ ಇಸ್ಕೀಮಿಯಾ ಎನ್ನುವುದು. ಎರಡೂ ಸಾಲಿನಲ್ಲಿ ಮಂಕಾಗಿಯೇ ಇದ್ದರೆ ‘ಫಿಕ್ಸ್ಡ್ ಡಿಫೆಕ್ಟ್’: ಹಿಂದಿನ ಹೃದಯಾಘಾತದ ಕಲೆ ಇರಬಹುದು, ಹಿಂದೆ ಹೇಳಿದ ನೆರಳೂ ಇರಬಹುದು. ಆ ಗೋಡೆ ಸರಿಯಾಗಿ ಮಿಡಿಯುತ್ತಿದ್ದರೆ ನೆರಳಿನ ಸಾಧ್ಯತೆಯೇ ಹೆಚ್ಚು.

ಅಂಕಿಗಳೂ ಇರುತ್ತವೆ. ಸ್ನಾಯುವನ್ನು 17 ಭಾಗಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ ಕೊಡುತ್ತಾರೆ. ಸೊನ್ನೆ ಸರಿ, 4 ಎಂದರೆ ಟ್ರೇಸರ್ ಸೇರಿಯೇ ಇಲ್ಲ. ಶ್ರಮದ ಮೊತ್ತದಿಂದ ವಿಶ್ರಾಂತಿಯ ಮೊತ್ತ ಕಳೆದರೆ ಬರುವುದು ಎಸ್‌ಡಿಎಸ್. ಅದನ್ನು ಗರಿಷ್ಠ ಮೊತ್ತವಾದ 68ರಿಂದ ಭಾಗಿಸಿದರೆ ಎಷ್ಟು ಪಾಲು ಸ್ನಾಯು ಇಸ್ಕೀಮಿಯಾಕ್ಕೆ ಒಳಗಾಗಿದೆಯೆಂಬ ಅಂದಾಜು ಸಿಗುತ್ತದೆ: ಎಸ್‌ಡಿಎಸ್ 7 ಇದ್ದರೆ ಸುಮಾರು ಶೇ 10. ಶೇ 10 ಮತ್ತು ಅದಕ್ಕೂ ಮೇಲ್ಪಟ್ಟದ್ದನ್ನು ವೈದ್ಯರು ಗಂಭೀರವಾಗಿ ನೋಡುತ್ತಾರೆ. ‘ಎಲ್‌ವಿಇಎಫ್’ ಎಂದರೆ ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಮಿಡಿತಕ್ಕೆ ಹೊರಹೋಗುವ ಪಾಲು. ಇದು ಎಕೋ ವರದಿಯ ಅಂಕಿಗಿಂತ ಸ್ವಲ್ಪ ಹೆಚ್ಚುಕಡಿಮೆಯಾದರೆ ತಲೆಕೆಡಿಸಿಕೊಳ್ಳಬೇಡಿ. ಹೃದಯದ ಗಾತ್ರ ಚಿಕ್ಕದಾಗಿರುವವರಲ್ಲಿ ಸ್ಪೆಕ್ಟ್ ಅದನ್ನು ಹೆಚ್ಚಾಗಿಯೇ ತೋರಿಸುತ್ತದೆ.

‘ನಾರ್ಮಲ್’ ಎಂದು ಬಂದರೆ ನೆಮ್ಮದಿಯ ವಿಷಯವೇ. ಆದರೆ ಅದರ ಅರ್ಥ ರಕ್ತನಾಳದಲ್ಲಿ ಕೊಬ್ಬಿನ ಜಿಡ್ಡೇ ಇಲ್ಲ ಎಂದಲ್ಲ, ಹರಿವಿಗೆ ತಡೆಯಾಗುವಷ್ಟಿಲ್ಲ ಎಂದು. ಇನ್ನೂ ಒಂದು ಸೂಕ್ಷ್ಮವಿದೆ. ಸ್ಪೆಕ್ಟ್ ಒಂದು ಗೋಡೆಯನ್ನು ಇನ್ನೊಂದರ ಜೊತೆ ಹೋಲಿಸುತ್ತದೆಯಾದ್ದರಿಂದ, ಮೂರೂ ಮುಖ್ಯ ನಾಳಗಳು ಸಮನಾಗಿ ಕಿರಿದಾಗಿದ್ದರೆ ಎಲ್ಲ ಕಡೆಯೂ ಒಂದೇ ಬಗೆಯಲ್ಲಿ ಕುಂದಿ, ಚಿತ್ರ ಸರಿಯಾಗಿರುವಂತೆಯೇ ಕಾಣಬಹುದು. ಶ್ರಮದ ಚಿತ್ರದಲ್ಲಿ ಹೃತ್ಕುಕ್ಷಿ ವಿಶ್ರಾಂತಿಗಿಂತ ಹಿಗ್ಗಿದಂತೆ ಕಂಡರೆ ವರದಿಯಲ್ಲಿ ‘ಟಿಐಡಿ’ ಎಂದು ಬರೆಯುತ್ತಾರೆ. ಅದು ಇಂಥ ಅಡಗಿದ ರೋಗದ ಸುಳಿವಾಗಿರಬಹುದು. ವರದಿ ಸರಿಯಿದ್ದೂ ಎದೆನೋವು ಮುಂದುವರಿದರೆ ‘ಟೆಸ್ಟ್ ನಾರ್ಮಲ್ ಅಲ್ಲವೇ’ ಎಂದು ಸುಮ್ಮನಿರದೆ ಮತ್ತೆ ವೈದ್ಯರಲ್ಲಿಗೆ ಹೋಗಿ.

ಕೊರತೆ ಕಂಡ ಮಾತ್ರಕ್ಕೆ ನಾಳೆಯೇ ಸ್ಟೆಂಟ್ ಎಂದೂ ಅಲ್ಲ. ಇಸ್ಕೀಮಿಯಾ ಎಂಬ ಹೆಸರಿನದೇ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಸ್ಟ್ರೆಸ್ ಪರೀಕ್ಷೆಯಲ್ಲಿ ಮಧ್ಯಮ ಅಥವಾ ತೀವ್ರ ಕೊರತೆ ಕಂಡಿದ್ದ, ಆದರೆ ಸ್ಥಿರವಾಗಿದ್ದ 5,179 ಮಂದಿಯಲ್ಲಿ, ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಅಥವಾ ಬೈಪಾಸ್‌ಗೆ ಹೋದವರಿಗೂ ಮೊದಲು ಔಷಧಿಯನ್ನೇ ನೆಚ್ಚಿದವರಿಗೂ ಹೃದಯಾಘಾತ, ಸಾವುಗಳ ವಿಷಯದಲ್ಲಿ ಒಟ್ಟಾರೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಗಾಗ ಎದೆನೋವು ಬರುತ್ತಿದ್ದವರಿಗೆ ನೋವಿನ ಉಪಶಮನ ಮಾತ್ರ ಮೊದಲ ಗುಂಪಿನಲ್ಲಿ ಹೆಚ್ಚಾಗಿತ್ತು. ಎಡ ಮುಖ್ಯ ನಾಳದ ರೋಗವಿದ್ದವರನ್ನು, ಹೃದಯದ ಬಲ ತೀರ ಕುಂದಿದ್ದವರನ್ನು ಆ ಅಧ್ಯಯನದಿಂದ ಹೊರಗಿಟ್ಟಿದ್ದರು ಎಂಬುದನ್ನೂ ನೆನಪಿಡಿ. ಹಾಗಾಗಿ ವೈದ್ಯರನ್ನು ಕೇಳಬೇಕಾದ ಪ್ರಶ್ನೆ, “ಬ್ಲಾಕ್ ಇದೆಯೇ?” ಎಂಬುದಲ್ಲ, “ಎಷ್ಟು ಪಾಲು ಸ್ನಾಯುವಿಗೆ ಕೊರತೆಯಿದೆ, ಯಾವ ಗೋಡೆಗೆ, ನನ್ನ ಲಕ್ಷಣಗಳಿಗೆ ಅದು ಹೊಂದುತ್ತದೆಯೇ, ಔಷಧಿಯಿಂದ ಆರಂಭಿಸಬಹುದೇ?” ಎಂದು.

ಕೇಂದ್ರದಿಂದ ಹೊರಡುವ ಮೊದಲು ಮುದ್ರಿತ ವರದಿಯ ಜೊತೆ ಚಿತ್ರಗಳಿರುವ ಸಿಡಿಯನ್ನೂ ಕೇಳಿ ಪಡೆಯಿರಿ. ನಾಲ್ಕಾರು ವರ್ಷಗಳ ನಂತರ ಮತ್ತೆ ಇದೇ ಪರೀಕ್ಷೆ ಬೇಕಾದರೆ, ಅಂದು ಕಂಡ ಮಂಕು ಹೊಸದೋ ಮೊದಲಿನಿಂದಲೂ ಇದ್ದ ನೆರಳೋ ಎಂಬುದನ್ನು ಬಗೆಹರಿಸುವುದು ಆ ಹಳೆಯ ಚಿತ್ರ.